ಸ್ಲೈಡ್ ಒಮ್ಮೆ ನೀಲಿ, ಒಮ್ಮೆ ಗುಲಾಬಿ: ತಪ್ಪು ಸ್ಟೇನ್‌ನದಾ, ನೀರಿನದಾ?

ಪ್ರಶ್ನೆ: ಪಶುಸಂಗೋಪನಾ ಡಿಪ್ಲೊಮಾ ಮುಗಿಸಿ ತುಮಕೂರು ಹತ್ತಿರ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಸಹಾಯಕಿಯಾಗಿದ್ದೇನೆ. ಬರುವುದು ನಾಯಿಗಳೇ ಜಾಸ್ತಿ, ಸುತ್ತಲಿನ ಹಳ್ಳಿಗಳಿಂದ ಎಚ್‌ಎಫ್ ಮಿಶ್ರತಳಿ ಹಸುಗಳ ರಕ್ತವೂ ಬರುತ್ತದೆ. ರಕ್ತವನ್ನು ಸ್ಲೈಡ್ ಮೇಲೆ ತೆಳ್ಳಗೆ ಹರಡಿ (ಸ್ಮಿಯರ್ ಮಾಡಿ), ಕಣಗಳು ಕಾಣಲು ಲೀಶ್ಮನ್ ಸ್ಟೇನ್ ಅನ್ನುವ ಬಣ್ಣ ಹಾಕುತ್ತೇನೆ. ಸ್ಲೈಡ್ ಒಂದು ದಿನ ಪೂರ್ತಿ ನೀಲಿ, ಇನ್ನೊಂದು ದಿನ ಪೇಲವ ಗುಲಾಬಿ. ಕ್ಯಾನ್ ನೀರಿದ್ದರೆ ಅದು, ಇಲ್ಲದಿದ್ದರೆ ನಲ್ಲಿ ನೀರು ಬಳಸುತ್ತೇನೆ. ಮಳೆ ಶುರುವಾದ ಮೇಲೆ ಕೆಂಪುಕಣಗಳ ಒಳಗೆ ಹೊಳೆಯುವ ತೂತು ಕಾಣಿಸುತ್ತಿವೆ. ಉಣ್ಣೆ ಕಚ್ಚಿ ಬರುವ ರಕ್ತದ ಪರೋಪಜೀವಿ ಬೇಬಿಸಿಯಾ ಅಂದುಕೊಂಡೆ, ಡಾಕ್ಟರ್ ಅಲ್ಲ ಅಂದರು. ಜೊತೆಗೆ ಎಲ್ಲ ಸ್ಲೈಡ್‌ಗಳ ಮೇಲೂ ನೇರಳೆ ಚುಕ್ಕಿ. ಈಗ ಮೂರು ಜಾರ್‌ನ ಕ್ವಿಕ್ ಸ್ಟೇನ್ ತರಿಸಿದ್ದಾರೆ. ಅದಕ್ಕೆ ಬದಲಾಯಿಸಿದರೆ ಎಲ್ಲ ಸರಿಹೋಗುತ್ತಾ? ಕೆಟ್ಟಿರುವ ಹಳೆ ಸ್ಲೈಡ್‌ಗಳನ್ನು ಉಳಿಸಿಕೊಳ್ಳಬಹುದಾ?

ಉತ್ತರ: ಸ್ವಲ್ಪ ಸರಿಹೋಗುತ್ತದೆ, ಪೂರ್ತಿ ಅಲ್ಲ. ಯಾಕೆಂದರೆ ನೀವು ಬರೆದಿರುವ ಮೂರು ತೊಂದರೆಗಳಲ್ಲಿ ಒಂದೂ ಲೀಶ್ಮನ್ ಸ್ಟೇನ್‌ನ ತಪ್ಪಲ್ಲ. ಒಂದು ನೀರಿನದು, ಒಂದು ಒಣಗಿಸುವುದರದು, ಇನ್ನೊಂದು ತೊಳೆಯುವ ರೀತಿಯದು. ಬಾಟಲಿ ಬದಲಾಯಿಸಿದರೆ ಇವು ಹೊಸ ಬಾಟಲಿಗೂ ಹಿಂದೆಯೇ ಬರುತ್ತವೆ.

ಮೊದಲು ನೀಲಿ-ಗುಲಾಬಿ ವಿಷಯ. ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಕ್ಯಾನ್ ನೀರಿದ್ದರೆ ಅದು, ಇಲ್ಲದಿದ್ದರೆ ನಲ್ಲಿ ನೀರು. ನಿಮ್ಮ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಗೊತ್ತು. ಅಂಥ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗಿರುತ್ತದೆ. ಆರ್‌ಒ ಕ್ಯಾನ್ ನೀರು ಆಮ್ಲದ ಕಡೆ ವಾಲಿರುತ್ತದೆ. ಶುದ್ಧ ಡಿಸ್ಟಿಲ್ಡ್ ವಾಟರ್ ಕೂಡ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ನಡುಮಧ್ಯ) 5.6ರ ಆಸುಪಾಸಿಗೆ ಇಳಿದುಬಿಡುತ್ತದೆ. ಅದು 'ಶುದ್ಧ', ಆದರೆ ನಮ್ಮ ಕೆಲಸಕ್ಕೆ ಸರಿಯಾದ ನೀರಲ್ಲ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಲೀಶ್ಮನ್, ಗೀಮ್ಸಾ, ರೈಟ್, ನಿಮ್ಮ ಮೂರು ಜಾರ್‌ನ ಕಿಟ್, ಎಲ್ಲವೂ ಒಂದೇ ಮನೆತನದವು. 1891ರಲ್ಲಿ ರಷ್ಯಾದ ರೊಮನೋವ್‌ಸ್ಕಿ ಮಲೇರಿಯಾ ಪರೋಪಜೀವಿ ನೋಡಲು ಇಯೋಸಿನ್ ಮತ್ತು ಮೆಥಿಲೀನ್ ಬ್ಲೂ ಬೆರೆಸಿ ಬಳಸಿದರು. 1901ರಲ್ಲಿ ಲೀಶ್ಮನ್, 1902ರಲ್ಲಿ ರೈಟ್, 1904ರಲ್ಲಿ ಗೀಮ್ಸಾ ಅದನ್ನೇ ತಿದ್ದಿ ತೀಡಿದರು. ಈ ಲೀಶ್ಮನ್ ಅಂದರೆ ಕಾಲಾ ಅಜಾರ್ ಪರೋಪಜೀವಿಗೆ ಯಾರ ಹೆಸರಿದೆಯೋ ಅದೇ ಬ್ರಿಟಿಷ್ ಸೇನಾ ವೈದ್ಯ. ಅಂದರೆ ರಕ್ತದೊಳಗಿನ ಪರೋಪಜೀವಿ ಹುಡುಕುವುದಕ್ಕೇ ಹುಟ್ಟಿದ ಬಣ್ಣ ಇದು, ನೀವೂ ಅದಕ್ಕೇ ಬಳಸುತ್ತಿದ್ದೀರಿ.

ಇದರಲ್ಲಿ ಇಯೋಸಿನ್ ಆಮ್ಲ ಬಣ್ಣ, ಕೆಂಪುಕಣದ ಹಿಮೊಗ್ಲೋಬಿನ್‌ಗೆ ಅಂಟಿ ಕಿತ್ತಳೆ-ಗುಲಾಬಿ ಕೊಡುತ್ತದೆ. ಮೆಥಿಲೀನ್ ಬ್ಲೂ ಹಳತಾಗಿ ಹುಟ್ಟುವ ಅಜೂರ್ ಬಿ ಎದುರು ಸ್ವಭಾವದ್ದು, ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಎರಡೂ ಸೇರಿದ ಕಡೆ ನೇರಳೆ ಬರುತ್ತದೆ. ಯಾರಿಗೆ ಎಷ್ಟು ಪಾಲು ಅಂತ ಹಂಚುವುದು ನೀರಿನ ಪಿಎಚ್. ಕ್ಷಾರ ಜಾಸ್ತಿಯಾದರೆ ನೀಲಿ ಬಣ್ಣ ಎಲ್ಲ ಕಡೆ ನುಗ್ಗುತ್ತದೆ, ಆಮ್ಲ ಜಾಸ್ತಿಯಾದರೆ ಗುಲಾಬಿ ಮೇಲುಗೈ ಸಾಧಿಸಿ ನ್ಯೂಕ್ಲಿಯಸ್ ಪೇಲವವಾಗುತ್ತದೆ. ಹಾಗಾಗಿ ನಲ್ಲಿ ನೀರಿನ ದಿನ ನೀಲಿ, ಕ್ಯಾನ್ ನೀರಿನ ದಿನ ಗುಲಾಬಿ.

ಮದ್ದು ಅಗ್ಗದ್ದು. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ನೀರಿನ ಪಿಎಚ್ ಒಂದೇ ಕಡೆ ನಿಲ್ಲಿಸುವ ಬಫರ್ ಮಾತ್ರೆ ಸಿಗುತ್ತವೆ, ಪಿಎಚ್ 6.8 ಮತ್ತು 7.2 ಎರಡೂ. ಪ್ಯಾಕೆಟ್ ಮೇಲೆ ಬರೆದಷ್ಟು ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ. ಕಣಗಳ ಸಾಮಾನ್ಯ ಪರೀಕ್ಷೆಗೆ 6.8, ಪರೋಪಜೀವಿ ಹುಡುಕಾಟಕ್ಕೆ 7.2. ಎರಡರಲ್ಲಿ ಒಂದೇ ಇಟ್ಟುಕೊಳ್ಳುವುದಾದರೆ, ಉಣ್ಣೆ ಕಚ್ಚಿ ಬರುವ ಜ್ವರಗಳೇ ಜಾಸ್ತಿ ಇರುವ ನಮ್ಮ ಕಡೆಗೆ ನಾನು 7.2 ಆರಿಸುತ್ತೇನೆ, ಸ್ವಲ್ಪ ನೀಲಿ ಕಡೆ ಬಂದರೂ ಪರವಾಗಿಲ್ಲ. ಡಿಸ್ಟಿಲ್ಡ್ ವಾಟರ್ ಸಿಗದಿದ್ದರೆ ಪೆಟ್ರೋಲ್ ಬಂಕ್‌ನ ಬ್ಯಾಟರಿ ವಾಟರ್ ಆಗುತ್ತದೆ, ಮಾತ್ರೆ ಹಾಕಲೇಬೇಕು ಅಷ್ಟೆ. ಬ್ಯಾಟರಿ ಆ್ಯಸಿಡ್ ಅಲ್ಲ, ನೀರು. ಕೇಳಿ ತನ್ನಿ.

ಬಫರ್ ಹಾಕಿದ ಮೇಲೂ ನೀಲಿ ಬಂದರೆ ಸ್ಮಿಯರ್ ದಪ್ಪಗಿದೆ, ಸ್ಟೇನ್ ಜಾಸ್ತಿ ಹೊತ್ತು ಇತ್ತು, ತೊಳೆದದ್ದು ಸಾಲಲಿಲ್ಲ, ಈ ಮೂರರಲ್ಲಿ ಒಂದು. ಇನ್ನೊಂದನ್ನು ಯಾರೂ ನೆನೆಸುವುದಿಲ್ಲ, ಫಾರ್ಮಲಿನ್. ಗಡ್ಡೆ ಕತ್ತರಿಸಿ ಫಾರ್ಮಲಿನ್ ಡಬ್ಬಿಯಲ್ಲಿ ಹಾಕಿ, ಅದೇ ಕವರ್‌ನಲ್ಲಿ ಸ್ಟೇನ್ ಆಗದ ಸ್ಲೈಡ್ ಇಟ್ಟು ಕಳಿಸುತ್ತಾರೆ. ಮುಚ್ಚಳ ಬಿಗಿ ಇದ್ದರೂ ಆವಿ ಸಾಕು, ಸ್ಲೈಡ್ ಮಂಕು ನೀಲಿಯಾಗಿ ಕೂರುತ್ತದೆ. ಅದನ್ನು ಯಾವ ಬಫರ್ರೂ ಸರಿ ಮಾಡುವುದಿಲ್ಲ. ಎರಡನ್ನೂ ಒಂದೇ ಕಪಾಟಿನಲ್ಲೂ ಇಡಬೇಡಿ.

ಈಗ ಹೊಳೆಯುವ ತೂತು. ನಿಮ್ಮ ಡಾಕ್ಟರ್ ಹೇಳಿದ್ದು ಸರಿ. ಅದು ಪರೋಪಜೀವಿ ಅಲ್ಲ, ನೀರು. ಸ್ಮಿಯರ್ ನಿಧಾನವಾಗಿ ಒಣಗಿದರೆ, ಅಥವಾ ಕಣಗಳನ್ನು ಗಾಜಿಗೆ ಕಚ್ಚಿಸಲು (ಫಿಕ್ಸ್ ಮಾಡಲು) ಬಳಸುವ ಮೆಥನಾಲ್‌ನಲ್ಲಿ ನೀರು ಸೇರಿದ್ದರೆ, ಕೆಂಪುಕಣದೊಳಗೆ ಹುಳು ತಿಂದಂತೆ ಗುಳಿಗಳಾಗುತ್ತವೆ. ಮಳೆ ಶುರುವಾದ ಮೇಲೆ ಅಂತ ನೀವೇ ಬರೆದಿದ್ದೀರಿ. ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಜಾರ್ ಮುಚ್ಚಳ ಸಡಿಲ ಬಿಟ್ಟರೆ ಸಾಕು. ಲೀಶ್ಮನ್ ಸ್ಟೇನ್‌ನಲ್ಲಿರುವುದೂ ಮೆಥನಾಲೇ, ಹಾಗಾಗಿ ಅದರ ಬಾಟಲಿಗೂ ಒದ್ದೆ ಡ್ರಾಪರ್ ಇಳಿಸುವ ಹಾಗಿಲ್ಲ.

ಇದನ್ನು ಗುರುತಿಸುವುದು ಸುಲಭ. ನೂರರ ಆಯಿಲ್ ಲೆನ್ಸ್‌ನಲ್ಲಿ ಒಂದು ಕಣದ ಮೇಲೆ ನಿಂತು ಫೈನ್ ಫೋಕಸ್ ತಿರುಪನ್ನು ಸ್ವಲ್ಪ ಸ್ವಲ್ಪ ಆ ಕಡೆ ಈ ಕಡೆ ತಿರುಗಿಸಿ. ಗುಳಿ ಆದರೆ ಒಮ್ಮೆ ಫಳ್ ಅಂತ ಹೊಳೆಯುತ್ತದೆ, ಒಮ್ಮೆ ಕಪ್ಪಗಾಗುತ್ತದೆ, ಅಂಚು ಚೂಪಾಗಿರುತ್ತದೆ. ಪರೋಪಜೀವಿ ಹೊಳೆಯುವುದಿಲ್ಲ. ಅದಕ್ಕೆ ಎರಡು ಬಣ್ಣ ಇರಲೇಬೇಕು: ತೆಳು ನೀಲಿ ಮೈ, ಅದರಲ್ಲಿ ಕೆಂಪು-ನೇರಳೆ ಚುಕ್ಕಿ. ಹಸುವಿನ ಬೇಬಿಸಿಯಾ ಬೈಜೆಮಿನಾ ಆದರೆ ಪಿಯರ್ ಹಣ್ಣಿನ (ಒಂದು ತುದಿ ಚೂಪಾದ) ಆಕಾರದ ಜೋಡಿ, ಚೂಪು ತುದಿಗಳು ಒಂದಕ್ಕೊಂದು ಕಿರಿದಾದ ಕೋನದಲ್ಲಿ ಕೂಡಿರುತ್ತವೆ. ನಾಯಿಯ ಬೇಬಿಸಿಯಾ ಗಿಬ್ಸೋನಿ ಚಿಕ್ಕ ಉಂಗುರ, ಜೋಡಿ ಇರಬೇಕಾಗಿಲ್ಲ. ಉಣ್ಣೆಯಿಂದಲೇ ಬರುವ ಇನ್ನೊಂದು ಪರೋಪಜೀವಿ ಥೈಲೇರಿಯಾ ಇನ್ನೂ ಚಿಕ್ಕದು, ಉಂಗುರ ಅಥವಾ ಅಲ್ಪವಿರಾಮದ ಹಾಗೆ. ಎರಡು ಬಣ್ಣ ಕಾಣಿಸದಿದ್ದರೆ ಹೆಸರು ಬರೆಯಲು ಹೋಗಬೇಡಿ.

ಒಣಗಿಸುವುದನ್ನು ಬಿಗಿ ಮಾಡಿ. ಸ್ಮಿಯರ್ ಎಳೆದ ತಕ್ಷಣ ಕೈಯಲ್ಲಿ ಹಿಡಿದು ಬೀಸಿ, ಕೆಲವೇ ಸೆಕೆಂಡಿನಲ್ಲಿ ಒಣಗಬೇಕು. ಮಳೆಗಾಲದಲ್ಲಿ ಹೇರ್ ಡ್ರೈಯರ್ ಇಟ್ಟುಕೊಳ್ಳಿ, ತಣ್ಣನೆ ಗಾಳಿಗೆ ಹಾಕಿ, ಹಿಂಬದಿಯಿಂದ ಬಿಡಿ. ಒಣಗಿಸದ ಸ್ಲೈಡ್ ಮೇಜಿನ ಮೇಲೆ ಬಿಟ್ಟು ಫೋನ್ ಎತ್ತಲು ಹೋದರೆ ಮುಗಿಯಿತು. ಫ್ರಿಜ್‌ನಲ್ಲಂತೂ ಬೇಡವೇ ಬೇಡ. ಹೊರಗೆ ತೆಗೆದ ಕೂಡಲೆ ಗಾಜಿನ ಮೇಲೆ ಬೆವರು ಕೂತು ಕಣಗಳು ಒಡೆಯುತ್ತವೆ. ಮೆಥನಾಲ್ ಚಿಕ್ಕ ಬಾಟಲಿಗಳಲ್ಲಿ ಹಾಕಿಟ್ಟು, ಜಾರ್‌ನಲ್ಲಿರುವುದನ್ನು ಬೇಗ ಬೇಗ ಬದಲಾಯಿಸಿ. ಅಸಿಟೋನ್ ಇಲ್ಲದ್ದು ಅಂತ ಲೇಬಲ್ ನೋಡಿ ತರಿಸಿ. ಬೀಗದಲ್ಲಿಡಿ, ಬೆಂಕಿಗೂ ದೂರ. ಹೊಟ್ಟೆಗೆ ಹೋದರೆ ಕಣ್ಣೇ ಹೋಗುವ ವಸ್ತು ಅದು.

ಚುಕ್ಕಿಗಳ ಬಗ್ಗೆ. ಲೀಶ್ಮನ್ ಮಾಡುವಾಗ ಕೊನೆಗೆ ಸ್ಟೇನ್ ಚೆಲ್ಲಿ ಆಮೇಲೆ ತೊಳೆಯುತ್ತೀರಾ? ನನ್ನ ಪಂತ ಅದೇ. ಹೆಚ್ಚಿನವರು ಹಾಗೇ ಮಾಡುತ್ತಾರೆ. ಸರಿಯಾದ ಕ್ರಮ ಹೀಗೆ: ಸ್ಲೈಡ್ ಮಟ್ಟವಾಗಿಟ್ಟು ಸ್ಮಿಯರ್ ಮುಚ್ಚುವಷ್ಟು ಸ್ಟೇನ್ ಹಾಕಿ 2 ನಿಮಿಷ ಬಿಡಿ. ಸ್ಟೇನ್‌ನಲ್ಲೇ ಮೆಥನಾಲ್ ಇರುವುದರಿಂದ ಬೇರೆ ಫಿಕ್ಸ್ ಮಾಡುವುದು ಬೇಡ, ಆದರೆ ಈ ಎರಡು ನಿಮಿಷದಲ್ಲಿ ಅದು ಒಣಗಬಾರದು. ಆಮೇಲೆ ಸ್ಟೇನ್‌ನ ಎರಡರಷ್ಟು ಬಫರ್ ಹಾಕಿ ಡ್ರಾಪರ್‌ನಿಂದ ಮೆಲ್ಲಗೆ ಊದಿ ಬೆರೆಸಿ, 10ರಿಂದ 12 ನಿಮಿಷ. ಹೊತ್ತಾದಂತೆ ಮೇಲೆ ಹಸಿರು ಮಿಶ್ರಿತ ಚಿನ್ನದ ಬಣ್ಣದ ಕೆನೆ ಕಟ್ಟುತ್ತದೆ. ಗಮನಿಸಿದ್ದೀರಾ? ಆ ಕೆನೆಯೇ ನಿಮ್ಮ ಚುಕ್ಕಿ. ಸ್ಲೈಡ್ ಓರೆ ಮಾಡಿ ಚೆಲ್ಲಿದರೆ ಸ್ಟೇನ್ ಕೆಳಗೆ ಹರಿಯುತ್ತದೆ, ಕೆನೆ ಸ್ಮಿಯರ್ ಮೇಲೆ ಕೂತುಬಿಡುತ್ತದೆ. ಅದಕ್ಕೇ ಸ್ಲೈಡ್ ಅಲುಗಿಸದೆ, ಒಂದು ಮೂಲೆಯಿಂದ ಬಫರ್ ಹರಿಸಿ ಕೆನೆಯನ್ನು ತೇಲಿಸಿ ಆಚೆ ಕಳಿಸಿ. ಮೇಲೆ ತಿಳಿಯಾದ ಮೇಲೆ ಎತ್ತಿ, ಹಿಂಬದಿ ಒರೆಸಿ, ನಿಲ್ಲಿಸಿ ಒಣಗಿಸಿ. ಉಜ್ಜಬೇಡಿ.

ಇದಾದ ಮೇಲೂ ಚುಕ್ಕಿ ಬಂದರೆ ಸ್ಟೇನ್ ಅನ್ನು ಫಿಲ್ಟರ್ ಪೇಪರ್‌ನಲ್ಲಿ ಸೋಸಿ, ಸ್ಲೈಡ್‌ಗಳನ್ನು ಸ್ಪಿರಿಟ್‌ನಿಂದ ಒರೆಸಿ ಬಳಸಿ. ತೊಳೆದ ಸ್ಲೈಡ್ ಅಂತ ಡಬ್ಬದ ಮೇಲೆ ಬರೆದಿದ್ದರೂ ಅಗ್ಗದವುಗಳ ಮೇಲೆ ಜಿಡ್ಡು ಇರುತ್ತದೆ.

ಈ ಚುಕ್ಕಿಗಳು ಸುಮ್ನೆ ಅಂದಗೆಡಿಸುವುದಿಲ್ಲ, ದಾರಿ ತಪ್ಪಿಸುತ್ತವೆ. ಹಸುವಿನ ರಕ್ತದ ರೋಗಾಣು ಅನಾಪ್ಲಾಸ್ಮಾ ಮಾರ್ಜಿನೇಲ್ ಕಾಣುವುದೂ ಕೆಂಪುಕಣದ ಅಂಚಿನಲ್ಲಿ ಒಂದು ಗಾಢ ನೇರಳೆ ಚುಕ್ಕಿಯಾಗಿ. ವ್ಯತ್ಯಾಸ ಎಲ್ಲಿ ಅಂದರೆ, ಸ್ಟೇನ್‌ನ ಕಸ ಕಣಗಳ ಹೊರಗೂ ಬಿದ್ದಿರುತ್ತದೆ, ಅದು ಕಣದ ಮಟ್ಟದಲ್ಲಿ ಫೋಕಸ್ ಆಗುವುದಿಲ್ಲ, ಸ್ವಲ್ಪ ಮೇಲೆ ಆಗುತ್ತದೆ. ಕೆಂಪುಕಣದ ಮೇಲೆ ಪ್ಲೇಟ್‌ಲೆಟ್ ಕೂತಿದ್ದರೂ ಪರೋಪಜೀವಿ ಅನ್ನಿಸುತ್ತದೆ, ಆದರೆ ಅದರ ಸುತ್ತ ತೆಳ್ಳನೆ ಬಿಳಿ ಬಳೆ ಇರುತ್ತದೆ. ಪಕ್ಕದಲ್ಲಿ ಬಿಡಿಯಾಗಿ ಬಿದ್ದಿರುವ ಪ್ಲೇಟ್‌ಲೆಟ್ ನೋಡಿ ಹೋಲಿಸಿ. ಹಾಗಾಗಿ ಯಾವ ಸ್ಲೈಡ್ ಆದರೂ ಮೊದಲು ರೋಗ ಹುಡುಕಬೇಡಿ. ನ್ಯೂಟ್ರೊಫಿಲ್ ಅನ್ನುವ ಬಿಳಿಕಣ ಒಂದನ್ನು ಹಿಡಿಯಿರಿ. ಅದರ ನ್ಯೂಕ್ಲಿಯಸ್ ಸ್ಪಷ್ಟ ನೇರಳೆ, ಸುತ್ತಲಿನ ಕೆಂಪುಕಣ ಕಿತ್ತಳೆ-ಗುಲಾಬಿ, ಹಿನ್ನೆಲೆ ಖಾಲಿ ಇದ್ದರೆ ಮಾತ್ರ ಮುಂದಕ್ಕೆ ಹೋಗಿ. ಇಲ್ಲದಿದ್ದರೆ ಆ ಸ್ಲೈಡ್‌ನಲ್ಲಿ ಏನು ಕಂಡರೂ ನಂಬಬಾರದು, ಏನೂ ಕಾಣದಿದ್ದರೂ ನಂಬಬಾರದು.

ಸ್ಮಿಯರ್ ಎಳೆಯುವುದನ್ನೂ ಹೇಳಿಬಿಡುತ್ತೇನೆ, ಕೇಳದಿದ್ದರೂ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಟ್ಯೂಬ್ ಆದರೆ ಗೆರೆಯವರೆಗೆ ತುಂಬಿಸಿ. ಅರ್ಧ ಟ್ಯೂಬ್ ರಕ್ತಕ್ಕೆ ಪೂರ್ತಿ ಇಡಿಟಿಎ ಸೇರಿದರೆ ಕೆಂಪುಕಣ ಸುಕ್ಕಾಗಿ ಮುಳ್ಳುಮುಳ್ಳಾಗುತ್ತವೆ. ಒಂದೆರಡು ಗಂಟೆಯೊಳಗೆ ಸ್ಮಿಯರ್ ಆಗಬೇಕು. ಚಿಕ್ಕ ಹನಿ ಸಾಕು, 3 ಮಿಲಿಮೀಟರ್ ಅಗಲದ್ದು. ತಳ್ಳುವ ಸ್ಲೈಡ್ 30ರಿಂದ 45 ಡಿಗ್ರಿ ಓರೆ ಇರಲಿ, ಹಿಂದಕ್ಕೆ ಎಳೆದು ಹನಿ ಮುಟ್ಟಿಸಿ, ಅದು ಅಂಚಿಗೆ ಹರಡಿದ ಕೂಡಲೆ ಒಂದೇ ಓಟದಲ್ಲಿ ಮುಂದಕ್ಕೆ ತಳ್ಳಿ. ದೋಸೆ ಹಿಟ್ಟು ಹರಡುವ ಹಾಗೆ ಒತ್ತಬೇಡಿ, ಸ್ಲೈಡ್‌ನ ತೂಕವೇ ಸಾಕು. ರಕ್ತ ಇಲ್ಲದೆ ಬೆಳ್ಳಗಾಗಿರುವ ನಾಯಿಯ ರಕ್ತ ನೀರಾಗಿರುತ್ತದೆ, ಕೋನ ಹೆಚ್ಚಿಸಿ, ಬೇಗ ತಳ್ಳಿ. ವಾಂತಿ-ಭೇದಿಯಾಗಿ ಒಣಗಿದ ನಾಯಿಯದು ಗಟ್ಟಿ ಇರುತ್ತದೆ, ಕೋನ ಇಳಿಸಿ, ನಿಧಾನ ಮಾಡಿ. ಕೊನೆಯಲ್ಲಿ ನಾಲಿಗೆಯಂಥ ತೆಳು ಅಂಚು ಸ್ಲೈಡ್ ಮುಗಿಯುವ ಮುಂಚೆಯೇ ಬರಬೇಕು. ಪ್ಲೇಟ್‌ಲೆಟ್ ಗುಂಪು, ಮೈಕ್ರೊಫೈಲೇರಿಯಾ (ರಕ್ತದಲ್ಲಿ ಓಡಾಡುವ ಹುಳುಮರಿ) ಸಿಕ್ಕಿಬೀಳುವುದು ಆ ಅಂಚಿನಲ್ಲೇ. ಹತ್ತರ ಲೆನ್ಸ್‌ನಲ್ಲಿ ಅಲ್ಲಿಂದಲೇ ಶುರು ಮಾಡಿ.

ಹಸುವಿನಲ್ಲಿ ಬೇಬಿಸಿಯಾ ಅನುಮಾನ ಇದ್ದರೆ ಕಿವಿಯ ತುದಿಯ ಸಣ್ಣ ನಾಳ ಚುಚ್ಚಿ ಮೊದಲ ಹನಿಯಿಂದಲೇ ಸ್ಮಿಯರ್ ಮಾಡಿದರೆ ಚೆನ್ನ. ಥೈಲೇರಿಯಾದಲ್ಲಿ ಭುಜದ ಮುಂದಿನ ದುಗ್ಧಗ್ರಂಥಿ ಊದಿರುತ್ತದೆ. ಡಾಕ್ಟರ್ ಅದರಿಂದ ಸೂಜಿಯಲ್ಲಿ ತೆಗೆದುಕೊಟ್ಟರೆ ಅದನ್ನೂ ಇದೇ ಸ್ಟೇನ್‌ನಲ್ಲಿ ಮಾಡಿ. ರಕ್ತದಲ್ಲಿ ಏನೂ ಇಲ್ಲದಾಗಲೂ ಅಲ್ಲಿ ಬಿಳಿಕಣದೊಳಗೆ ಥೈಲೇರಿಯಾದ ಒಂದು ಹಂತವಾದ ಕಾಕ್ಸ್ ಬ್ಲೂ ಬಾಡಿ ಸಿಗಬಹುದು. ನಾಯಿಗೆ ಉಣ್ಣೆಯಿಂದ ಬರುವ ಬ್ಯಾಕ್ಟೀರಿಯಾ ಎರ್ಲಿಕಿಯಾ ಸ್ಮಿಯರ್‌ನಲ್ಲಿ ಕಾಣುವುದೇ ಅಪರೂಪ. ಕಾಣಲಿಲ್ಲ ಅಂದರೆ ಇಲ್ಲ ಅಂತ ಅಲ್ಲ, ರಿಪೋರ್ಟ್‌ನಲ್ಲೂ 'ಈ ಸ್ಮಿಯರ್‌ನಲ್ಲಿ ಕಂಡುಬಂದಿಲ್ಲ' ಅಂತಲೇ ಬರೆಯಿರಿ.

ಒಂದು ಎಚ್ಚರಿಕೆ. ಚೆನ್ನಾಗಿದ್ದ ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಸ್ಮಿಯರ್ ಆಸೆ ಬಿಡಿ. ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್ ಇರಬಹುದು. ಮುಟ್ಟಬೇಡಿ, ಹೆಣ ಕೊಯ್ಯಲು ಬಿಡಬೇಡಿ, ಸರ್ಕಾರಿ ಪಶುವೈದ್ಯರಿಗೆ ತಿಳಿಸಿ. ಅದರ ಸ್ಮಿಯರ್ ಮತ್ತು ಸ್ಟೇನ್ ಎರಡೂ ಬೇರೆ, ಮಾಡುವವರೂ ಬೇರೆ.

ಇನ್ನು ಹೊಸ ಕಿಟ್. ಮೂರು ಜಾರ್‌ನ ಸ್ಟೇನ್ ಕೆಟ್ಟದ್ದಲ್ಲ. ಫಿಕ್ಸೆಟಿವ್, ಗುಲಾಬಿ, ನೀಲಿ, ಒಂದೊಂದರಲ್ಲೂ ಒಂದೊಂದು ಸೆಕೆಂಡಿನ 5 ಅದ್ದು, ನಡುವೆ ಅಂಚನ್ನು ಟಿಶ್ಯೂಗೆ ತಾಗಿಸಿ ಇಳಿಸುವುದು, ಕೊನೆಗೆ ತೊಳೆಯುವುದು. ನಾಯಿ ಮೇಜಿನ ಮೇಲಿರುವಾಗಲೇ ಉತ್ತರ ಬೇಕು ಅಂದರೆ ಇದೇ ಸರಿ. ನ್ಯೂಕ್ಲಿಯಸ್ ಪೇಲವ ಅನ್ನಿಸಿದರೆ ನೀಲಿಯಲ್ಲಿ ಇನ್ನೊಮ್ಮೆ ಅದ್ದಬಹುದು. ಆದರೆ ಎಳೆಯ ಕೆಂಪುಕಣಗಳ ನಸುನೀಲಿ ಛಾಯೆ ಇದರಲ್ಲಿ ಲೀಶ್ಮನ್‌ನಷ್ಟು ಚೆನ್ನಾಗಿ ಬರುವುದಿಲ್ಲ, ಮಾಸ್ಟ್ ಸೆಲ್ ಅನ್ನುವ ಜೀವಕೋಶದೊಳಗಿನ ಸಣ್ಣ ಕಾಳುಗಳು ಕೆಲವೊಮ್ಮೆ ಬಣ್ಣವನ್ನೇ ಹಿಡಿಯುವುದಿಲ್ಲ. ಚಿಕ್ಕ ಪರೋಪಜೀವಿ ಹುಡುಕಬೇಕಾದರೆ ನನ್ನ ಮೊದಲ ಆಯ್ಕೆ ಈಗಲೂ ಗೀಮ್ಸಾ: ಮೆಥನಾಲ್‌ನಲ್ಲಿ 3ರಿಂದ 5 ನಿಮಿಷ, ಆಮೇಲೆ 1 ಭಾಗ ಸ್ಟೇನ್‌ಗೆ 9 ಭಾಗ 7.2 ಬಫರ್, ಕಾಪ್ಲಿನ್ ಜಾರ್‌ನಲ್ಲಿ ನಿಲ್ಲಿಸಿ 20ರಿಂದ 30 ನಿಮಿಷ. ಬೆರೆಸಿದ್ದನ್ನು ಅವತ್ತೇ ಚೆಲ್ಲಿ. ಮೂಲ ಬಾಟಲಿ ಅಲುಗಾಡಿಸಬೇಡಿ, ಮೇಲಿನ ತಿಳಿ ಮಾತ್ರ ತೆಗೆಯಿರಿ.

ಕಿಟ್ ವಿಷಯದಲ್ಲಿ ಒಂದು ಕಡೆ ಮಾತ್ರ ನಾನು ಹಟ ಹಿಡಿಯುತ್ತೇನೆ. ರಕ್ತಕ್ಕೆ ಒಂದು ಸೆಟ್ ಜಾರ್, ಕಿವಿ-ಚರ್ಮದ ಸ್ಮಿಯರ್‌ಗೆ ಇನ್ನೊಂದು ಸೆಟ್. ಕಿವಿಯ ಗಲೀಜಿನಲ್ಲಿರುವ ಮಲಸೇಜಿಯಾ ಯೀಸ್ಟ್, ಬ್ಯಾಕ್ಟೀರಿಯಾ ಎಲ್ಲ ಜಾರ್‌ನಲ್ಲೇ ಉಳಿದು ಮುಂದಿನ ನಾಯಿಯ ರಕ್ತದ ಮೇಲೆ ಕೂರುತ್ತವೆ, ನೀವು ಅದನ್ನು ರಕ್ತದ ಸೋಂಕು ಅಂತ ಬರೆಯುತ್ತೀರಿ. ಜಾರ್ ಕಡಿಮೆಯಾದಾಗ ಮೇಲೆ ಮೇಲೆ ತುಂಬಿಸುವುದೂ ಬೇಡ. ಪೂರ್ತಿ ಚೆಲ್ಲಿ, ತೊಳೆದು, ಒಣಗಿಸಿ, ಹೊಸದು ಹಾಕಿ.

ಹೆಸರು ಬರೆಯಲು ಪೆನ್ ಬೇಡ, ಮೆಥನಾಲ್‌ನಲ್ಲಿ ಕರಗಿ ಹೋಗುತ್ತದೆ. ಪೆನ್ಸಿಲ್‌ನಲ್ಲಿ ಫ್ರಾಸ್ಟೆಡ್ ತುದಿಗೆ ಬರೆಯಿರಿ, ಹಸು ಆದರೆ 12 ಅಂಕಿಯ ಕಿವಿ ಓಲೆಯ ಕೊನೆಯ ಅಂಕಿಗಳು ಮತ್ತು ತಾರೀಖು. ಒಂದು ಪ್ರಾಣಿಗೆ ಮೂರು ಸ್ಮಿಯರ್ ಮಾಡಿ, ಮೂರನ್ನೂ ಅವತ್ತೇ ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿ. ಫಿಕ್ಸ್ ಆಗದ ಸ್ಲೈಡ್ ರಾತ್ರಿ ಬಿಟ್ಟರೆ ನೊಣ, ಜಿರಳೆ ಬಂದು ರಕ್ತ ತಿಂದು ಹೋಗುತ್ತವೆ. ನಗಬೇಡಿ, ಬೆಳಿಗ್ಗೆ ನೋಡಿದರೆ ಸ್ಮಿಯರ್‌ನಲ್ಲಿ ಹಾದಿ ಬಿದ್ದಿರುತ್ತದೆ.

ಹಳೆ ಸ್ಲೈಡ್‌ಗಳಲ್ಲಿ ಕೆಲವನ್ನು ಉಳಿಸಬಹುದು. ಬರೀ ಚುಕ್ಕಿ ಇರುವುದನ್ನು, ಜಾಸ್ತಿ ನೀಲಿಯಾಗಿರುವುದನ್ನು, ಎಣ್ಣೆ ಹಚ್ಚಿ ನೋಡಿದ್ದರೆ ಮೊದಲು ಜೈಲೀನ್‌ನಲ್ಲಿ ಎಣ್ಣೆ ತೆಗೆದು, ಮೆಥನಾಲ್‌ನಲ್ಲಿ ಅದ್ದಿ ಬಣ್ಣ ಇಳಿಸಿ ಬಫರ್ ಜೊತೆ ಮತ್ತೆ ಸ್ಟೇನ್ ಮಾಡಿ. ಪೇಲವ ಗುಲಾಬಿಯವನ್ನೂ ಹಾಗೇ ಮತ್ತೆ ಸ್ಟೇನ್ ಮಾಡಬಹುದು. ಫಿಕ್ಸ್ ಮಾಡದೆ ವಾರಗಟ್ಟಲೆ ಇಟ್ಟವು ಏನು ಮಾಡಿದರೂ ಹಿನ್ನೆಲೆ ನೀಲಿಯಾಗೇ ಬರುತ್ತವೆ. ಹೊಳೆಯುವ ಗುಳಿ ಇರುವವು ಮಾತ್ರ ಹೋದವೇ. ಆ ಪ್ರಾಣಿಗಳಿಗೆ ಇನ್ನೂ ಜ್ವರ ಇದ್ದರೆ ಮಾಲೀಕರಿಗೆ ಫೋನ್ ಮಾಡಿ ಕರೆಸಿ, ಹೊಸ ರಕ್ತವೇ ಬೇಕು.